ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳನ್ನು ಹೋಲಿಸಿ ನೋಡುವ ಬಗೆ

ಕ್ಯಾಲಿಫೋರ್ನಿಯಾದಲ್ಲಿ 116 ಕಮ್ಯುನಿಟಿ ಕಾಲೇಜುಗಳಿವೆ. ಮಕ್ಕಳು ಮೊದಲೆರಡು ವರ್ಷ ಇಲ್ಲಿ ಓದಿ ಆಮೇಲೆ ವಿಶ್ವವಿದ್ಯಾಲಯಕ್ಕೆ ಸೇರಲಿ ಎಂದು ಯೋಚಿಸುವ ಅಲ್ಲಿನ ಕನ್ನಡ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ, ಊರಿನ ಅಭ್ಯಾಸದಂತೆ, "ಯಾವ ಕಾಲೇಜು ಒಳ್ಳೆಯದು?" ಎಂಬುದೇ. ಯಾವ ವಿಶ್ವವಿದ್ಯಾಲಯದಲ್ಲಿ ಯಾವ ವಿಷಯ ಓದುವ ಇರಾದೆ ಇದೆ ಎಂಬುದು ತೀರ್ಮಾನವಾಗದೆ ಆ ಪ್ರಶ್ನೆಗೆ ಉತ್ತರವಿಲ್ಲ.

ಶುಲ್ಕದ ಹೋಲಿಕೆಯಲ್ಲಿ ಹೆಚ್ಚು ಹೊತ್ತು ಕಳೆಯಬೇಕಿಲ್ಲ. ರಾಜ್ಯದ ನಿವಾಸಿಗಳಿಗೆ ಎಲ್ಲ ಕಾಲೇಜುಗಳಲ್ಲೂ ಒಂದು ಸೆಮಿಸ್ಟರ್ ಯೂನಿಟ್‌ಗೆ, ಅಂದರೆ ಕೋರ್ಸಿನ ಗಾತ್ರವನ್ನು ಅಳೆಯುವ ಮಾನಕ್ಕೆ, 46 ಡಾಲರ್. ನಿವಾಸಿಗಳಲ್ಲದವರಿಗೆ ಮಾತ್ರ ದರ ಹಲವು ಪಟ್ಟು ಹೆಚ್ಚು, ಕಾಲೇಜಿನಿಂದ ಕಾಲೇಜಿಗೆ ಬೇರೆ.

ನಿಜವಾದ ಹೋಲಿಕೆ ನಡೆಯಬೇಕಾದದ್ದು 'ಅಸಿಸ್ಟ್' ಎಂಬ ಅಧಿಕೃತ ಜಾಲತಾಣದಲ್ಲಿ. ಕಾಲೇಜು, ವಿಶ್ವವಿದ್ಯಾಲಯ ಮತ್ತು ವಿಷಯವನ್ನು ಆರಿಸಿದರೆ ಎಡಗಡೆ ವಿಶ್ವವಿದ್ಯಾಲಯ ಕೇಳುವ ಕೋರ್ಸು, ಬಲಗಡೆ ಅದಕ್ಕೆ ಸಾಟಿಯೆಂದು ಒಪ್ಪಿರುವ ಕಾಲೇಜಿನ ಕೋರ್ಸು ಕಾಣುತ್ತದೆ. ಬಲಗಡೆ 'ನೋ ಕೋರ್ಸ್ ಆರ್ಟಿಕ್ಯುಲೇಟೆಡ್' ಎಂದಿದ್ದರೆ ಆ ಕಾಲೇಜಿನಲ್ಲಿ ಸಾಟಿ ಕೋರ್ಸಿಲ್ಲ ಎಂದರ್ಥ. ಎರಡು ಮೂರು ಕಾಲೇಜುಗಳ ಪಟ್ಟಿಯನ್ನು ಮುದ್ರಿಸಿಕೊಂಡು, ಜಮೀನು ಕೊಳ್ಳುವವರು ಪಹಣಿ ನೋಡುವಷ್ಟೇ ಶ್ರದ್ಧೆಯಿಂದ ಸಾಲುಸಾಲಾಗಿ ನೋಡಿ, ಇಂಥ ಖಾಲಿ ಜಾಗಗಳನ್ನು ಎಣಿಸಬೇಕು.

ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಕ್ಕೆ 'ಟ್ಯಾಗ್' ಎಂಬ ಖಾತರಿ ಪ್ರವೇಶದ ಬಗ್ಗೆ ಕಾಲೇಜುಗಳು ಹೆಮ್ಮೆಯಿಂದ ಹೇಳಿಕೊಳ್ಳುತ್ತವೆ. ಅದು ರಾಜ್ಯದ ಎಲ್ಲ ಕಮ್ಯುನಿಟಿ ಕಾಲೇಜುಗಳಿಗೂ ಇರುವ ಸೌಲಭ್ಯವಾದ್ದರಿಂದ ಹೋಲಿಕೆಯ ತಕ್ಕಡಿಯಲ್ಲಿ ಅದಕ್ಕೆ ತೂಕವಿಲ್ಲ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್ ಎಂಬ ಆ ವಿಶ್ವವಿದ್ಯಾಲಯದ ಆರು ಕ್ಯಾಂಪಸ್‌ಗಳಷ್ಟೇ ಖಾತರಿ ಕೊಡುತ್ತವೆ, ಅದೂ ಎಲ್ಲ ವಿಷಯಗಳಿಗಲ್ಲ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೋ ಕೊಡುವುದಿಲ್ಲ.

ಇನ್ನು ಕ್ಯಾಲೆಂಡರಿನ ವಿಚಾರ. ಒಂದೇ ಆಡಳಿತಕ್ಕೆ ಸೇರಿದ ಡಿ ಆಂಜಾ ಮತ್ತು ಫುಟ್‌ಹಿಲ್ ಕಾಲೇಜುಗಳು ವರ್ಷವನ್ನು ಸೆಮಿಸ್ಟರಿಗಿಂತ ಚಿಕ್ಕ ಅವಧಿಗಳಾಗಿ ಹಂಚುವ ಕ್ವಾರ್ಟರ್ ಪದ್ಧತಿಯವು, ಫ್ರೀಮಾಂಟಿನ ಓಲೋನಿ ಸೆಮಿಸ್ಟರ್ ಪದ್ಧತಿಯದು. ಒಂದು ಸೆಮಿಸ್ಟರ್ ಯೂನಿಟ್ ಒಂದೂವರೆ ಕ್ವಾರ್ಟರ್ ಯೂನಿಟ್‌ಗೆ ಸಮ. ವರ್ಗಾವಣೆಗೆ ಕೇಳುವ 60 ಯೂನಿಟ್ ಕ್ವಾರ್ಟರ್ ಲೆಕ್ಕದಲ್ಲಿ 90 ಆಗುತ್ತದೆ. ಕ್ವಾರ್ಟರಿನಲ್ಲಿ ಪಾಠ ಬೇಗ ಓಡುತ್ತದೆ, ಒಂದು ವಾರ ಜ್ವರ ಬಂದು ಮಲಗಿದರೂ ಹಿಂದೆ ಬೀಳುತ್ತಾರೆ. ಭೌತಶಾಸ್ತ್ರದಂಥ ಸರಣಿ ಕೋರ್ಸುಗಳನ್ನು ನಡುವೆ ಬಿಟ್ಟು ಇನ್ನೊಂದು ಪದ್ಧತಿಯ ಕಾಲೇಜಿಗೆ ಹೋದರೆ ಕಲಿತದ್ದನ್ನೇ ಮತ್ತೆ ಕಲಿಯಬೇಕಾದೀತು.

ಪಟ್ಟಿಯಲ್ಲಿರುವ ಕೋರ್ಸು ನಿಜಕ್ಕೂ ನಡೆಯುತ್ತದೆಯೇ ಎಂಬುದನ್ನು ಬಹುತೇಕರು ನೋಡುವುದಿಲ್ಲ. ಕಳೆದ ಎರಡು ವರ್ಷಗಳ ವೇಳಾಪಟ್ಟಿ ತೆಗೆದು, ಲೀನಿಯರ್ ಆಲ್ಜಿಬ್ರಾದಂಥ ಕೋರ್ಸು ಎಷ್ಟು ಬಾರಿ, ಯಾವ ಹೊತ್ತಿನಲ್ಲಿ ನಡೆದಿದೆ ಎಂದು ನೋಡಿ. ವರ್ಷಕ್ಕೊಮ್ಮೆ ಮಾತ್ರ ನಡೆದಿದ್ದರೆ, ಸೀಟು ತುಂಬಿದ ಮೇಲೆ ಬಂದವರು ಮುಂದಿನ ವರ್ಷದವರೆಗೆ ಕಾಯಬೇಕಾಗುತ್ತದೆ.