ಮೊಲಕ್ಕೆ ಸ್ನಾನ ಬೇಡ, ಬಾಚಣಿಗೆ ಬೇಕು

ಮುಂಬೈಯಲ್ಲಿ ಮೊಲ ಸಾಕುವವರಿಗೆ ಮೊದಲು ಹೇಳಬೇಕಾದ ಮಾತು ಒಂದೇ: ದಯವಿಟ್ಟು ಅದಕ್ಕೆ ಸ್ನಾನ ಮಾಡಿಸಬೇಡಿ. ಮೇ ತಿಂಗಳ ಸೆಕೆಗೆ "ಪಾಪ, ಒಂದು ಚೊಂಬು ನೀರು ಹಾಕೋಣ" ಅಂತ ಬಚ್ಚಲಿಗೆ ಒಯ್ಯುವವರು ಪ್ರೀತಿಯಿಂದಲೇ ಒಯ್ಯುತ್ತಾರೆ, ಆದರೆ ಮೊಲ ಆ ಗಾಬರಿಗೇ ಸಾಯಬಹುದು, ಒದ್ದಾಡಿ ಬೆನ್ನುಮೂಳೆ ಮುರಿದುಕೊಳ್ಳಬಹುದು. ಅದರ ದಟ್ಟ ತುಪ್ಪಳ ಇಲ್ಲಿಯ ಹವೆಯಲ್ಲಿ ಬೇಗ ಒಣಗುವುದೂ ಇಲ್ಲ. ಸೆಕೆಗೆ ಒದ್ದೆ ಬಟ್ಟೆಯಿಂದ ಕಿವಿ ಒರೆಸಿ ಸಾಕು, ಮೊಲ ಮೈಯ ಬಿಸಿ ಬಿಡುವುದು ಹೆಚ್ಚಾಗಿ ಕಿವಿಯಿಂದಲೇ.

ನಾವು ಮಾಡಬೇಕಾದ ಮುಖ್ಯ ಕೆಲಸ ಉದುರುವ ಕೂದಲು ತೆಗೆಯುವುದು. ಮೊಲ ದಿನವಿಡೀ ಮೈ ನೆಕ್ಕುತ್ತದೆ, ಕೂದಲು ಹೊಟ್ಟೆಗೆ ಹೋಗುತ್ತದೆ. ಬೆಕ್ಕಾದರೆ ವಾಂತಿ ಮಾಡುತ್ತದೆ, ಮೊಲಕ್ಕೆ ವಾಂತಿ ಮಾಡಲು ಬರುವುದೇ ಇಲ್ಲ. ಹುಲ್ಲು ಚೆನ್ನಾಗಿ ತಿನ್ನುವ ಮೊಲದ ಕರುಳು ಅದನ್ನೆಲ್ಲ ಮುಂದಕ್ಕೆ ತಳ್ಳಿಬಿಡುತ್ತದೆ, ಆದರೆ ಹುಲ್ಲು ಕಡಿಮೆಯಾಗಿ ಕ್ಯಾರೆಟ್ಟು, ಬಿಸ್ಕೆಟ್ಟು ಜಾಸ್ತಿಯಾದರೆ ಕರುಳು ನಿಧಾನವಾಗಿ ಕೂದಲು ಅಲ್ಲೇ ಗಂಟು ಕಟ್ಟುತ್ತದೆ. ದಿನಾ ಹಿಕ್ಕೆ ನೋಡಿ. ಬಿಡಿಬಿಡಿಯಾಗಿ ಬೀಳಬೇಕಾದದ್ದು ಮಣಿಸರದ ಹಾಗೆ ಕೂದಲಲ್ಲಿ ಪೋಣಿಸಿಕೊಂಡು ಬಂದರೆ ಆವತ್ತಿನಿಂದಲೇ ಬಾಚುವುದನ್ನೂ ಹುಲ್ಲನ್ನೂ ಹೆಚ್ಚಿಸಿ.

ಬಾಚುವಾಗ ಫ್ಯಾನ್ ಆರಿಸಿ. ಮೊಲವನ್ನು ಮೇಜಿನ ಮೇಲೆ ಕೂರಿಸಬೇಡಿ, ನೆಲದ ಮೇಲೆ ಟವೆಲ್ ಹಾಸಿ ನೀವೂ ಪಕ್ಕದಲ್ಲೇ ಕೂತುಕೊಳ್ಳಿ. ಎತ್ತುವುದಾದರೆ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ, ಕಿವಿ ಹಿಡಿದು ಮಾತ್ರ ಯಾವತ್ತೂ ಎತ್ತಬಾರದು. ಬೆನ್ನ ಮೇಲೆ ಮಲಗಿಸಿದರೆ ಸುಮ್ನೆ ಬಿದ್ದುಕೊಳ್ಳುತ್ತದೆ ಅಂತ ಕೆಲವರು ಹಾಗೆ ಮಾಡುತ್ತಾರೆ. ಅದು ನೆಮ್ಮದಿಯಲ್ಲ, ಭಯಕ್ಕೆ ಮೈ ಮರಗಟ್ಟಿರುತ್ತದೆ. ಮೊದಲು ಅಂಗೈ ಸ್ವಲ್ಪ ಒದ್ದೆ ಮಾಡಿಕೊಂಡು ತಲೆಯಿಂದ ಬಾಲದವರೆಗೆ ಸವರಿ, ಮೇಲಿನ ಸಡಿಲ ಕೂದಲೆಲ್ಲ ಕೈಗೆ ಅಂಟಿಕೊಳ್ಳುತ್ತದೆ. ಆಮೇಲೆ ಮೆತ್ತನೆಯ ರಬ್ಬರ್ ಬ್ರಷ್ಷು, ಕೂದಲು ಬೆಳೆದ ದಿಕ್ಕಿಗೇ. ಗಿಡ್ಡ ಕೂದಲಿನದಕ್ಕೆ ವಾರಕ್ಕೊಮ್ಮೆ ಸಾಕು, ಕೂದಲು ಉದುರುವ ಕಾಲದಲ್ಲಿ ದಿನಾ ಬೇಕು. ಅಂಗೋರಾ ಥರದ ಉದ್ದ ಕೂದಲಿನದಕ್ಕೆ ವರ್ಷವಿಡೀ ದಿನಾ ಬೇಕು. ಅಷ್ಟು ಪುರುಸೊತ್ತು ಇಲ್ಲದವರು ಅಂಗೋರಾ ತರಲೇಬಾರದು ಅಂತ ನನ್ನ ಅಭಿಪ್ರಾಯ. ಗಂಟಾದ ಕಡೆ ಕತ್ತರಿ ಹಾಕಬೇಡಿ. ಮೊಲದ ಚರ್ಮ ತುಂಬಾ ತೆಳು, ಗಂಟಿನ ಜೊತೆ ಮೇಲೆದ್ದು ಬಂದು ಕತ್ತರಿಗೆ ಸಿಕ್ಕಿಬಿಡುತ್ತದೆ. ಚಿಟಿಕೆ ಕಾರ್ನ್‌ಫ್ಲೋರ್ ಉದುರಿಸಿ, ಬುಡದಲ್ಲಿ ಹಿಡಿದುಕೊಂಡು, ಬೆರಳಿನಿಂದ ಎಳೆ ಎಳೆಯಾಗಿ ಬಿಡಿಸಿ.

ಇನ್ನು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಅತಿ ಹೆಚ್ಚು ಹೆದರುವುದು ನೊಣಕ್ಕೆ. ಬಾಲದ ಕೆಳಗೆ ಮೂತ್ರ ಅಥವಾ ಮೆತ್ತನೆಯ ಹಿಕ್ಕೆ ಮೆತ್ತಿಕೊಂಡಿದ್ದರೆ ನೊಣ ಅಲ್ಲಿ ಮೊಟ್ಟೆ ಇಡುತ್ತದೆ, ಒಂದೇ ದಿನದೊಳಗೆ ಹುಳ ಆಗಿ ಮೊಲದ ಮಾಂಸವನ್ನೇ ತಿನ್ನತೊಡಗುತ್ತದೆ. ಹೊರಗಿನಿಂದ ನೋಡಿದರೆ ಮೊಲ ಸ್ವಲ್ಪ ಮಂಕಾಗಿದೆ ಅನ್ನಿಸುತ್ತದೆ ಅಷ್ಟೇ. ಅದಕ್ಕೆ ಈ ನಾಲ್ಕು ತಿಂಗಳು ಬೆಳಿಗ್ಗೆ, ಸಂಜೆ ಬಾಲ ಎತ್ತಿ ನೋಡಲೇಬೇಕು. ಕೊಳಕಾಗಿದ್ದರೆ ಆ ಜಾಗವನ್ನಷ್ಟೇ ಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಟವೆಲ್ ಒತ್ತಿ ಪೂರ್ತಿ ಒಣಗಿಸಿ. ಪದೇ ಪದೇ ಕೊಳಕಾಗುತ್ತಿದ್ದರೆ ಮೊಲ ದಪ್ಪ ಆಗಿರಬಹುದು, ಊಟ ಸರಿಯಿಲ್ಲದಿರಬಹುದು, ಬೆನ್ನು ನೋವಿರಬಹುದು. ಹುಳ ಕಂಡರೆ ಮನೆ ಮದ್ದು ಬೇಡ, ಅದೇ ಗಳಿಗೆಗೆ ಡಾಕ್ಟರ ಹತ್ತಿರ ಓಡಿ.

ಉಗುರು ನಾಲ್ಕರಿಂದ ಆರು ವಾರಕ್ಕೊಮ್ಮೆ. ನಮ್ಮ ಫ್ಲ್ಯಾಟುಗಳ ಟೈಲ್ಸ್ ಮೇಲೆ ಉಗುರು ಸವೆಯುವುದೇ ಇಲ್ಲ. ಒಟ್ಟು 18 ಉಗುರು: ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕು ನಾಲ್ಕು. ಮುಂಗಾಲಿನ ಒಳಬದಿಯಲ್ಲಿ ಸ್ವಲ್ಪ ಮೇಲಕ್ಕಿರುವ ಐದನೆಯದು ಕೂದಲಲ್ಲಿ ಅಡಗಿರುತ್ತದೆ, ಎಲ್ಲರೂ ಮರೆಯುವುದು ಅದನ್ನೇ. ಮೊಬೈಲ್ ಟಾರ್ಚನ್ನು ಹಿಂದಿನಿಂದ ಹಿಡಿದರೆ ಉಗುರಿನೊಳಗಿನ ರಕ್ತನಾಳ ಕೆಂಪಾಗಿ ಕಾಣುತ್ತದೆ. ಅದಕ್ಕಿಂತ ಸ್ವಲ್ಪ ಮುಂದೆ ಕತ್ತರಿಸಿ. ರಕ್ತ ಬಂದರೆ ಕಾರ್ನ್‌ಫ್ಲೋರ್ ಒತ್ತಿ ಹಿಡಿಯಿರಿ. ಒಂದೇ ಸಲಕ್ಕೆ ಎಲ್ಲ ಮುಗಿಸುವ ಹಟ ಬೇಡ, ಇವತ್ತು ಒಂದು ಕಾಲು, ನಾಳೆ ಇನ್ನೊಂದು. ಟೈಲ್ಸ್ ಮೇಲೊಂದು ಚಾಪೆಯೋ ಕಾರ್ಪೆಟ್ಟೋ ಹಾಸಿ, ಇಲ್ಲದಿದ್ದರೆ ಅಂಗಾಲು ಹುಣ್ಣಾಗುತ್ತದೆ.

ಕಿವಿಯೊಳಗೆ ಕಂದು ಬಣ್ಣದ ಹೊಪ್ಪಳೆ ಕಂಡರೆ ಅದು ನುಸಿ. ಕೆರೆದು ತೆಗೆಯಬೇಡಿ, ಒಳಗೆ ಹಸಿ ಗಾಯ ಇರುತ್ತದೆ, ವಿಪರೀತ ನೋವು. ಕತ್ತಿನ ಹಿಂದೆ ಹೊಟ್ಟು ಉದುರುತ್ತಿದ್ದರೂ ನುಸಿ ಇರಬಹುದು. ನಾಯಿಗೆ ತಂದಿಟ್ಟ ಚಿಗಟದ ಔಷಧಿಯನ್ನು ಮೊಲಕ್ಕೆ ಹಾಕಲೇಬೇಡಿ. ಅಂಥವುಗಳಲ್ಲಿರುವ ಫಿಪ್ರೊನಿಲ್ ಮೊಲದ ಜೀವ ತೆಗೆಯಬಹುದು.

ಹಲ್ಲು ಜೀವನಪೂರ್ತಿ ಬೆಳೆಯುತ್ತಲೇ ಇರುತ್ತದೆ. ಹುಲ್ಲು ಅಗಿದೇ ಸವೆಯಬೇಕು. ವಾರಕ್ಕೊಮ್ಮೆ ತುಟಿ ಎತ್ತಿ ಮುಂದಿನ ಹಲ್ಲು ನೇರ ಇದೆಯಾ ನೋಡಿ. ದವಡೆ ಹಲ್ಲು ನಮಗೆ ಕಾಣುವುದಿಲ್ಲ, ಆದರೆ ಗದ್ದ ಜೊಲ್ಲಿನಿಂದ ಒದ್ದೆಯಾಗಿದ್ದರೆ ಅಲ್ಲೇ ಏನೋ ತೊಂದರೆ ಅಂತ ಅರ್ಥ.

ಡಾಕ್ಟರನ್ನು ಮೊದಲೇ ಹುಡುಕಿ ಇಟ್ಟುಕೊಳ್ಳಿ. ನಾಯಿ ಬೆಕ್ಕು ನೋಡುವ ಎಲ್ಲರಿಗೂ ಮೊಲ ಗೊತ್ತಿರುವುದಿಲ್ಲ, ಫೋನ್ ಮಾಡಿ "ಮೊಲ ನೋಡ್ತೀರಾ?" ಅಂತ ಕೇಳಿಯೇ ಹೋಗಿ. ಡೊಂಬಿವಲಿಯಿಂದಲೋ ಮೀರಾ ರೋಡಿನಿಂದಲೋ ಲೋಕಲ್‌ನಲ್ಲಿ ಒಯ್ಯುವುದಾದರೆ ಆಫೀಸ್ ಸಮಯದ ನೂಕುನುಗ್ಗಲು ತಪ್ಪಿಸಿ, ಪೆಟ್ಟಿಗೆಗೆ ಒಂದು ಹಿಡಿ ಹುಲ್ಲು ಹಾಕಿ, ಮೇಲೆ ತೆಳು ಬಟ್ಟೆ ಮುಚ್ಚಿ. ಮೊಲ ಹನ್ನೆರಡು ಗಂಟೆ ಏನೂ ತಿನ್ನದೆ, ಹಿಕ್ಕೆಯೂ ಹಾಕದೆ ಕೂತಿದ್ದರೆ ಮಾತ್ರ ರಶ್ ಕಡಿಮೆಯಾಗಲಿ ಅಂತ ಕಾಯಬೇಡಿ, ಸಿಕ್ಕ ಆಟೋ ಹಿಡಿದು ಹೊರಡಿ.