ಒಂದೇ ಬೀದಿ, ಒಂದೇ ವಸ್ತು: ಊರಿನಲ್ಲೇ ಚಿತ್ರ ಹುಡುಕುವುದು ಹೇಗೆ?

‘ಚಿತ್ರ ಬರೀಬೇಕು ಅಂತ ಆಸೆ ಇದೆ, ಆದ್ರೆ ಏನು ಬರೆಯೋದು ಅಂತಾನೇ ಗೊತ್ತಾಗಲ್ಲ.’ ಬೆಂಗಳೂರಿನಲ್ಲಿ ಈ ಮಾತನ್ನು ತುಂಬಾ ಜನ ಹೇಳುತ್ತಾರೆ. ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: ರಜೆ ಸಿಕ್ಕಾಗ ಹಂಪಿಗೋ ಚಿಕ್ಕಮಗಳೂರಿಗೋ ಹೋಗಿ ಶುರು ಮಾಡ್ತೀನಿ. ಹಂಪಿಗೆ ಖಂಡಿತ ಹೋಗಿ. ಆದರೆ ಅಲ್ಲಿಯವರೆಗೆ ಕೈ ಕಟ್ಟಿ ಕೂರಬೇಕಾಗಿಲ್ಲ. ದಿನಾ ಆಫೀಸಿಗೆ, ತರಕಾರಿಗೆ, ಮಗುವನ್ನು ಸ್ಕೂಲಿಗೆ ಬಿಡಲು ಓಡಾಡುವ ದಾರಿಯಲ್ಲೇ ಬೇಕಾದಷ್ಟು ಸರಕು ಬಿದ್ದಿದೆ. ಅದು ಜಾಸ್ತಿ ಇರುವುದೇ ತೊಂದರೆ. ಎಲ್ಲವನ್ನೂ ಒಟ್ಟಿಗೆ ನೋಡಲು ಹೋದರೆ ಕಣ್ಣಿನಲ್ಲಿ ಯಾವುದೂ ನಿಲ್ಲುವುದಿಲ್ಲ. ಅದಕ್ಕೇ ನನ್ನ ಸಲಹೆ: ಒಂದು ಬೀದಿ ಆರಿಸಿಕೊಳ್ಳಿ. ಆ ಬೀದಿಯಲ್ಲಿ ಒಂದೇ ಒಂದು ವಸ್ತು ಆರಿಸಿಕೊಳ್ಳಿ. ಕೆಲವು ವಾರ ಅದನ್ನು ಬಿಡಬೇಡಿ.

ಸಾಮಾನು ಹೆಚ್ಚೇನೂ ಬೇಡ. ಗೆರೆ ಇಲ್ಲದ, ಜೇಬಿಗೋ ಬ್ಯಾಗಿಗೋ ಹಿಡಿಸುವ ಒಂದು ಪುಸ್ತಕ, ಒಂದು 4ಬಿ ಪೆನ್ಸಿಲ್ (ಮೆತ್ತಗಿನ, ಗೆರೆ ಕಪ್ಪಾಗಿ ಬರುವ ಪೆನ್ಸಿಲ್), ಒಂದು ಬಾಲ್ ಪೆನ್. ಬಣ್ಣ ಆಮೇಲೆ. ರಬ್ಬರ್ ಮಾತ್ರ ಮನೆಯಲ್ಲೇ ಬಿಟ್ಟು ಹೋಗಿ. ಅಳಿಸುತ್ತಾ ಕೂತರೆ ಬೀದಿ ನಿಮಗಾಗಿ ಕಾಯುವುದಿಲ್ಲ.

ಮೊದಲು ವಸ್ತು ಆರಿಸಿ

ಆರ್.ಕೆ. ಲಕ್ಷ್ಮಣ್ ಹುಟ್ಟಿದ್ದು 1921ರಲ್ಲಿ, ಮೈಸೂರಿನಲ್ಲಿ. ಅವರಿಗೆ ಕಾಗೆ ಅಂದರೆ ಪ್ರಾಣ. ಚಿಕ್ಕಂದಿನಲ್ಲಿ ಮನೆ ಹತ್ತಿರ ಕಂಡ ಕಾಗೆಗಳನ್ನು ಬರೆಯಲು ಶುರು ಮಾಡಿದವರು, ದೇಶಕ್ಕೇ ಗೊತ್ತಿರುವ ವ್ಯಂಗ್ಯಚಿತ್ರಕಾರ ಆದ ಮೇಲೂ ಕಾಗೆಯನ್ನು ಬಿಡಲಿಲ್ಲ. ಯಾರೂ ತಿರುಗಿ ನೋಡದ ಹಕ್ಕಿ ಅದು. ಅದರ ಕತ್ತು ತಿರುಗಿಸುವ ರೀತಿ, ಕುಪ್ಪಳಿಸುವ ರೀತಿ ಅವರ ಗೆರೆಯಲ್ಲಿ ಹೇಗೆ ಬಂದಿದೆ ನೋಡಿ. ಒಂದನ್ನೇ ಮತ್ತೆ ಮತ್ತೆ ನೋಡಿದ್ದರ ಫಲ ಅದು.

ನಿಮ್ಮ ವಸ್ತು ಯಾವುದಾದರೂ ಆಗಬಹುದು. ಹಳೇ ಮನೆಯ ಕಿಟಕಿ ಗ್ರಿಲ್, ಎಳನೀರು ಗಾಡಿ, ಬಾಲ್ಕನಿಯಲ್ಲಿ ಒಣಗುವ ಬಟ್ಟೆ, ತಾರಸಿ ಮೇಲಿನ ನೀರಿನ ಟ್ಯಾಂಕು, ಆಟೋ ಹಿಂದಿನ ಬರಹ. ಒಂದು ಷರತ್ತು ಮಾತ್ರ ಇದೆ: ಅದು ನಿಮ್ಮ ದಾರಿಯಲ್ಲಿ ದಿನಾ ಸಿಗಬೇಕು. ಹುಡುಕಿಕೊಂಡು ಹೋಗಬೇಕಾದ ವಸ್ತುವಾದರೆ ಎರಡನೇ ವಾರಕ್ಕೇ ನಿಂತುಹೋಗುತ್ತದೆ.

ರಂಗೋಲಿಯಿಂದ ಶುರು ಮಾಡಿದರೆ ಸುಲಭ

ಎಲ್ಲಿಂದ ಶುರು ಮಾಡುವುದು ಎಂದು ತೋಚದಿದ್ದರೆ ರಂಗೋಲಿ ಹಿಡಿಯಿರಿ. ಮಲ್ಲೇಶ್ವರ, ಬಸವನಗುಡಿ, ಚಾಮರಾಜಪೇಟೆಯ ಅಡ್ಡರಸ್ತೆಗಳಲ್ಲಿ ಬೆಳಗ್ಗೆ ಬೇಗ ನಡೆದರೆ ಗೇಟಿನ ಮುಂದೆ ಒಂದಕ್ಕಿಂತ ಒಂದು ಬೇರೆ. ಧನುರ್ಮಾಸದಲ್ಲಿ, ಅಂದರೆ ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗೆ, ಇನ್ನೂ ದೊಡ್ಡದಾಗಿ ಹಾಕುತ್ತಾರೆ. ತಡ ಮಾಡಬೇಡಿ. ಹೊತ್ತೇರಿದ ಮೇಲೆ ಸ್ಕೂಟರ್ ಚಕ್ರ ಹರಿದು ಅರ್ಧ ಹೋಗಿರುತ್ತದೆ.

ಮುಗಿದ ರಂಗೋಲಿಯ ಫೋಟೋ ತೆಗೆದುಕೊಂಡರೆ ಸಾಲದು. ಹಾಕುವಾಗ ನೋಡಬೇಕು. ಮೊದಲು ನೀರು ಚಿಮುಕಿಸಿ ಗುಡಿಸುತ್ತಾರೆ. ನೆಲ ಇನ್ನೂ ತೇವ ಇರುವಾಗಲೇ ಚುಕ್ಕಿ ಬೀಳುತ್ತವೆ. 7ರಿಂದ 4ರ ಸಂದು ಚುಕ್ಕಿ ಅಂದರೆ ನಡುವಿನ ಸಾಲಿನಲ್ಲಿ ಏಳು ಚುಕ್ಕಿ. ಅದರ ಮೇಲೆ ಮತ್ತು ಕೆಳಗೆ ಆರು, ಐದು, ನಾಲ್ಕು. ಪ್ರತಿ ಸಾಲಿನ ಚುಕ್ಕಿ ಪಕ್ಕದ ಸಾಲಿನ ಎರಡು ಚುಕ್ಕಿಗಳ ಸಂದಿಗೆ ಬರುತ್ತದೆ. ಒಟ್ಟು 37 ಚುಕ್ಕಿ, ಆಕಾರ ಷಟ್ಕೋನ. ಯಾವ ಸ್ಕೇಲೂ ಇಲ್ಲದೆ ಬಗ್ಗಿ ನಿಂತ ಕೈ ಇಷ್ಟನ್ನೂ ಅಳತೆ ತಪ್ಪದೆ ಇಡುತ್ತದೆ. ಆಮೇಲೆ ಹೆಬ್ಬೆರಳು, ತೋರುಬೆರಳ ನಡುವಿನಿಂದ ಪುಡಿ ಇಳಿಯುತ್ತಾ ಗೆರೆ ಓಡುತ್ತದೆ. ಬಳ್ಳಿ ರಂಗೋಲಿಯಾದರೆ ಗೆರೆ ಚುಕ್ಕಿಯನ್ನು ಮುಟ್ಟುವುದೇ ಇಲ್ಲ, ಸುತ್ತು ಹಾಕಿಕೊಂಡು ಹೋಗುತ್ತದೆ. ಕೈ ವೇಗವಾದಲ್ಲಿ ಗೆರೆ ಸಣ್ಣ, ತಿರುವಿನಲ್ಲಿ ನಿಧಾನವಾದಾಗ ದಪ್ಪ. ಇದನ್ನು ಬ್ರಷ್ಷಿನಲ್ಲಿ ಸಾಧಿಸಲು ಚಿತ್ರ ಕಲಿಯುವವರು ವರ್ಷಗಟ್ಟಲೆ ಒದ್ದಾಡುತ್ತಾರೆ. ನಮ್ಮ ಬೀದಿಯ ಹೆಂಗಸರು ದಿನಾ ಬೆಳಗ್ಗೆ ಹಾಲಿನವನು ಬರುವ ಮೊದಲೇ ಮುಗಿಸಿರುತ್ತಾರೆ. ಅವರನ್ನು ಕಲಾವಿದರು ಅಂತ ಯಾರೂ ಕರೆಯದೇ ಇರುವುದು ನನಗೆ ಸರಿ ಕಾಣುವುದಿಲ್ಲ.

ಸುಮ್ನೆ ನಿಂತು ನೋಡಿದರೆ ಅವರಿಗೂ ಮುಜುಗರ, ನಿಮಗೂ ಮುಜುಗರ. ‘ತುಂಬಾ ಚೆನ್ನಾಗಿದೆ ಅಮ್ಮ, ಎಷ್ಟು ಚುಕ್ಕಿ?’ ಅಂತ ಕೇಳಿ. ಅಷ್ಟು ಕೇಳಿದರೆ ಸಾಕು, ಅವರ ತಾಯಿ ಹಾಕುತ್ತಿದ್ದ ನಮೂನೆಯವರೆಗೂ ಮಾತು ಹೋಗುತ್ತದೆ.

ಪುಸ್ತಕದಲ್ಲಿ ಮೊದಲು ಚುಕ್ಕಿಗಳನ್ನಷ್ಟೇ ಇಡಿ. ಅದೇ ರಂಗೋಲಿಯನ್ನು ಒಮ್ಮೆ ಇದ್ದ ಹಾಗೆ ಬಿಡಿಸಿ. ಮುಂದಿನ ಪುಟದಲ್ಲಿ ಅವೇ ಚುಕ್ಕಿ ಇಟ್ಟು ಒಂದು ಚುಕ್ಕಿ ಬಿಟ್ಟುಬಿಡಿ. ಗೆರೆ ಈಗ ಬೇರೆ ದಾರಿ ಹುಡುಕಬೇಕು. ಆಮೇಲೆ ಆ ಚುಕ್ಕಿಗಳ ಮೇಲೆ ನಿಮ್ಮ ಮನೆ ಕಿಟಕಿಯ ಗ್ರಿಲ್ ಕೂರಿಸಿ ನೋಡಿ. ನಿಮ್ಮದೇ ಅನ್ನಿಸುವ ವಿನ್ಯಾಸ ಹುಟ್ಟುವುದು ಇಲ್ಲಿಂದಲೇ.

ಬೋರ್ಡುಗಳನ್ನು ಓದಬೇಡಿ, ನೋಡಿ

ಅವೆನ್ಯೂ ರಸ್ತೆ, ಬಳೇಪೇಟೆ, ಅಕ್ಕಿಪೇಟೆಯ ಒಳಗಲ್ಲಿಗಳಲ್ಲಿ ಕೈಯಿಂದ ಬರೆದ ಬೋರ್ಡುಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ‘ಪ್ರಾವಿಷನ್ ಸ್ಟೋರ್ಸ್’ ಅನ್ನುವ ಬೋರ್ಡಿನ ಮುಂದೆ ಒಂದು ನಿಮಿಷ ನಿಲ್ಲಿ. ಇಂಗ್ಲಿಷ್ ಅಕ್ಷರ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. ಕನ್ನಡಕ್ಕೆ ಕೆಳಗೆ ಒತ್ತಕ್ಷರಕ್ಕೂ ಜಾಗ ಬೇಕು, ಮೇಲೆ ತಲಕಟ್ಟಿಗೂ ಗುಡಿಸಿಗೂ ಜಾಗ ಬೇಕು. ಬೋರ್ಡು ಚಿಕ್ಕದಿದ್ದರೆ ಬರೆಯುವವರು ಏನು ಮಾಡುತ್ತಾರೆ? ಒಬ್ಬರು ‘ಸ’ಕಾರದ ಕೆಳಗಿನ ‘ಟ’ ಒತ್ತನ್ನು ಕುಗ್ಗಿಸಿ ಬಲಕ್ಕೆ ತಳ್ಳುತ್ತಾರೆ. ಇನ್ನೊಬ್ಬರು ಕೊನೆಯ ‘ರ್’ ಬದಲು ಅರ್ಕಾವತ್ತು ಹಾಕಿ ಜಾಗ ಉಳಿಸುತ್ತಾರೆ. ಮತ್ತೊಬ್ಬರು ದೀರ್ಘವನ್ನು ಎಳೆದು ಮುಂದಿನ ಅಕ್ಷರದ ತಲೆ ಮೇಲೆ ಛತ್ರಿಯ ಹಾಗೆ ಹಿಡಿಸುತ್ತಾರೆ. ಅಕ್ಷರದ ಒಂದೇ ಪಕ್ಕಕ್ಕೆ ಬರುವ ನೆರಳು, ಕೆಂಪಿನಿಂದ ಹಳದಿಗೆ ಇಳಿಯುವ ಬಣ್ಣ, ಇವನ್ನೂ ಗಮನಿಸಿ.

ಈಗ ಬಹುಪಾಲು ಬೋರ್ಡು ಕಂಪ್ಯೂಟರಿನಲ್ಲೇ ತಯಾರಾಗುತ್ತವೆ. ಎಲ್ಲ ಅಂಗಡಿಗೂ ಅವೇ ನಾಲ್ಕೈದು ಫಾಂಟು. ಕೈಬರಹದ ಬೋರ್ಡು ಒಂದೊಂದಾಗಿ ಇಳಿಯುತ್ತಿರುವುದು ನೋಡಿದರೆ ಸಂಕಟ ಆಗುತ್ತದೆ. ಆದ್ದರಿಂದ ಕಂಡಾಗ ಬಿಡಬೇಡಿ. ಒಂದು ಅಕ್ಷರ ಆರಿಸಿಕೊಳ್ಳಿ, ‘ಕ’ ಅಂತಲೇ ಇರಲಿ. ಅದು ಎಲ್ಲೆಲ್ಲಿ ಸಿಗುತ್ತದೋ ಅಲ್ಲೆಲ್ಲ ಅದನ್ನು ಪುಸ್ತಕಕ್ಕೆ ಇಳಿಸಿ, ಪಕ್ಕದಲ್ಲಿ ಬೀದಿಯ ಹೆಸರು ಬರೆಯಿರಿ. ಒಂದು ಪುಟ ತುಂಬಿದಾಗ ನಿಮ್ಮ ಕೈಯಲ್ಲಿ ಆ ಬಡಾವಣೆಯದೇ ಒಂದು ಅಕ್ಷರಮಾಲೆಯ ಮೊದಲ ಹಾಳೆ ಇರುತ್ತದೆ.

ಜನರನ್ನು ಬರೆಯಲು ಮೆಟ್ರೋ

ಮನುಷ್ಯರನ್ನು ಬರೆಯಲು ಎಲ್ಲರಿಗೂ ಭಯ. ಅವರು ಅಲ್ಲಾಡುತ್ತಾರೆ, ಮುಖ ಹೋಲುವುದಿಲ್ಲ, ನೋಡಿಬಿಟ್ಟರೆ ಏನೋ ಅನ್ನಿಸುತ್ತದೆ. ಮುಖ ಬಿಟ್ಟುಬಿಡಿ. ಕೈ ಬರೆಯಿರಿ. ಮೊಬೈಲ್ ಹಿಡಿದ ಕೈ, ಮೇಲಿನ ಹಿಡಿಕೆಗೆ ಜೋತುಬಿದ್ದ ಕೈ, ಬ್ಯಾಗನ್ನು ತಬ್ಬಿದ ಕೈ. ನಮ್ಮ ಮೆಟ್ರೋದಲ್ಲಿ ಒಂದು ಸ್ಟೇಷನ್ನಿನಿಂದ ಇನ್ನೊಂದಕ್ಕೆ ಹೆಚ್ಚುಕಡಿಮೆ ಎರಡು ನಿಮಿಷ. ಅದೇ ನಿಮ್ಮ ಗಡಿಯಾರ. ಬಾಗಿಲು ಮುಚ್ಚಿದಾಗ ಶುರು, ಮುಂದಿನ ಬಾಗಿಲು ತೆಗೆದಾಗ ಪೆನ್ ಎತ್ತಿಬಿಡಬೇಕು. ಮುಗಿಯದಿದ್ದರೂ ಸರಿ.

ಇದರಲ್ಲೇ ಇನ್ನೊಂದು ಅಭ್ಯಾಸ ಇದೆ. ಕಣ್ಣನ್ನು ಆ ಕೈಯ ಅಂಚಿನ ಮೇಲೆ ನಿಲ್ಲಿಸಿ. ಕಣ್ಣು ಇರುವೆಯಷ್ಟು ನಿಧಾನಕ್ಕೆ ಅಂಚಿನುದ್ದಕ್ಕೂ ಸಾಗಲಿ, ಪೆನ್ನೂ ಅದೇ ವೇಗದಲ್ಲಿ ಸಾಗಲಿ. ಹಾಳೆಯನ್ನು ಮಾತ್ರ ನೋಡಬಾರದು. ಬಂದ ಚಿತ್ರ ಸೊಟ್ಟ ಇರುತ್ತದೆ, ಬೆರಳು ಉದ್ದ ಆಗಿರುತ್ತದೆ. ಆದರೂ ಆ ಗೆರೆಯಲ್ಲಿ ಒಂದು ಸತ್ಯ ಇರುತ್ತದೆ. ಬೆರಳು ಅಂದರೆ ಹೀಗಿರುತ್ತದೆ ಅಂತ ನಾವು ಅಂದುಕೊಂಡಿದ್ದು ಅಲ್ಲಿರುವುದಿಲ್ಲ, ಕಣ್ಣು ಕಂಡಿದ್ದು ಇರುತ್ತದೆ.

ಬಣ್ಣಕ್ಕೆ ಮರಗಳು

ಬಣ್ಣದ ವಿಷಯದಲ್ಲಿ ಬೆಂಗಳೂರಿನವರು ನಿಜಕ್ಕೂ ಪುಣ್ಯವಂತರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನ್ ತೋಟಗಾರಿಕೆ ತಜ್ಞ ಜಿ.ಎಚ್. ಕ್ರುಂಬಿಗಲ್, ಲಾಲ್‌ಬಾಗಿನ ಹೊಣೆ ಹೊತ್ತಿದ್ದವರು, ಒಂದು ಮರದ ಹೂವು ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವ ಹಾಗೆ ರಸ್ತೆ ಬದಿಗೆ ಮರ ಹಾಕಿಸಿದರು. ಅದನ್ನೇ ನಾವು ಇವತ್ತೂ ಅನುಭವಿಸುತ್ತಿದ್ದೇವೆ. ಹೊಸ ವರ್ಷದ ಹೊತ್ತಿಗೆ ಗುಲಾಬಿ ಟಬೂಬಿಯಾ, ಫೆಬ್ರವರಿ-ಮಾರ್ಚಿನಲ್ಲಿ ಹಳದಿ ಟಬೂಬಿಯಾ, ನೇರಳೆ ಜಕರಾಂಡ, ಬೇಸಿಗೆ ಏರಿದಾಗ ಕೆಂಪು ಗುಲ್‌ಮೊಹರ್, ಮಳೆ ಮುಗಿಯುವ ಹೊತ್ತಿಗೆ ಆಕಾಶಮಲ್ಲಿಗೆ.

ಇಡೀ ಮರ ಬರೆಯಲು ಹೋಗಬೇಡಿ. ಕೆಳಗೆ ಬಿದ್ದ ಒಂದು ಗುಲಾಬಿ ಟಬೂಬಿಯಾ ಹೂವು ಎತ್ತಿಕೊಂಡು ಹಾಳೆಯ ಪಕ್ಕ ಇಡಿ. ಡಬ್ಬಿಯಲ್ಲಿರುವ ಗುಲಾಬಿ ಬಣ್ಣ ನೇರವಾಗಿ ಹಚ್ಚಿದರೆ ಅದು ಹೋಲುವುದಿಲ್ಲ. ಸ್ವಲ್ಪ ನೇರಳೆ ಬೇಕು, ಗಂಟಲಿನ ಹತ್ತಿರ ಹಳದಿ ಬೇಕು. ಬೆರೆಸಿ ಬೆರೆಸಿ, ಹೂವಿನ ಬಣ್ಣಕ್ಕೆ ಹತ್ತಿರ ಬಂದಾಗ ಬೆರಳಗಲದ ಒಂದು ಚೌಕ ಹಚ್ಚಿ. ತಾರೀಖು, ಹೊತ್ತು ಬರೆಯಿರಿ. ಸಂಜೆ ಅದೇ ಹೂವು ಬಾಡಿದ ಮೇಲೆ ಇನ್ನೊಂದು ಚೌಕ. ಮೈಸೂರು ಆಸ್ಥಾನದ ಕಲಾವಿದ ಕೆ. ವೆಂಕಟಪ್ಪನವರ ಊಟಿ, ಕೊಡೈಕೆನಾಲ್ ಜಲವರ್ಣಗಳಲ್ಲಿ ಬೆಳಕು ಮತ್ತು ಮಂಜನ್ನು ಎಷ್ಟು ತಾಳ್ಮೆಯಿಂದ ನೋಡಿದ್ದಾರೆ ಅನ್ನುವುದು ಎದ್ದು ಕಾಣುತ್ತದೆ. ಅವರ ಹೆಸರಿನ ಕಲಾ ಗ್ಯಾಲರಿ ಕಸ್ತೂರಬಾ ರಸ್ತೆಯಲ್ಲಿದೆ. ಈ ಬಣ್ಣದ ಚೌಕಗಳನ್ನು ಕೆಲವು ದಿನ ಮಾಡಿದ ಮೇಲೆ ಆ ಚಿತ್ರಗಳನ್ನು ನೋಡಿದರೆ ಬೇರೆಯೇ ಅನುಭವ.

ಬಣ್ಣದ ಹಬ್ಬವೇ ಬೇಕು ಅನ್ನಿಸಿದರೆ ಕೆ.ಆರ್. ಮಾರ್ಕೆಟ್ಟಿಗೆ ಹೋಗಿ. ಬೆಳಕು ಹರಿಯುವ ಹೊತ್ತಿಗೇ ಹೋಗಬೇಕು. ಹೂವಿನ ರಾಶಿಗಳ ನಡುವೆ ನಿಂತರೆ ಜನರ ನೂಕುನುಗ್ಗಲು, ಪುಸ್ತಕ ತೆರೆಯಲೂ ಆಗುವುದಿಲ್ಲ. ಕಟ್ಟಡದ ಮೆಟ್ಟಿಲು ಹತ್ತಿ ಮೇಲಿನಿಂದ ಕೆಳಗೆ ನೋಡಿ. ಚೆಂಡುಹೂವಿನ ಕೇಸರಿ, ಸೇವಂತಿಗೆಯ ಹಳದಿ, ಸುಗಂಧರಾಜದ ಬಿಳಿ, ಇವುಗಳ ನಡುವೆ ತಲೆಗಳ ಕಪ್ಪು ಚುಕ್ಕಿ. ಅಲ್ಲಿ ಆಕಾರ ಬರೆಯುವ ಗೋಜಿಗೆ ಹೋಗದೆ ಬಣ್ಣದ ತೇಪೆಗಳನ್ನಷ್ಟೇ ಹಚ್ಚಿ.

ಗೀಚಲೂ ಬಾರದವರಿಗೆ

ಪೆನ್ಸಿಲ್ ಹಿಡಿಯಲೇ ಹಿಂಜರಿಕೆ ಇದ್ದರೆ ತೆಳು ಹಾಳೆಯನ್ನು ಮರದ ತೊಗಟೆಯ ಮೇಲೋ, ಕಬ್ಬಿಣದ ಮುಚ್ಚಳದ ಮೇಲೋ ಇಟ್ಟು ಪೆನ್ಸಿಲ್ಲನ್ನು ಅಡ್ಡ ಮಲಗಿಸಿ ಉಜ್ಜಿ. ಕೆಳಗಿನ ಉಬ್ಬು ತಗ್ಗು ಹಾಳೆಗೆ ಬರುತ್ತದೆ. ನಾಣ್ಯದ ಮೇಲೆ ಕಾಗದ ಇಟ್ಟು ಉಜ್ಜಿದ್ದು ಎಲ್ಲರಿಗೂ ನೆನಪಿದೆ ಅಲ್ವಾ? 1925ರಲ್ಲಿ ಮ್ಯಾಕ್ಸ್ ಅರ್ನ್ಸ್ಟ್ ಎಂಬ ಕಲಾವಿದ ಹಳೇ ಮರದ ನೆಲದ ಮೇಲೆ ಹೀಗೆ ಉಜ್ಜಿ, ಬಂದ ಗುರುತುಗಳಲ್ಲಿ ಕಾಡು, ಹಕ್ಕಿ, ಪ್ರಾಣಿಗಳನ್ನು ಕಂಡು ಅದನ್ನೇ ಒಂದು ಕಲಾ ವಿಧಾನ ಮಾಡಿಕೊಂಡರು. ಕಬ್ಬನ್ ಪಾರ್ಕಿನ ನಾಲ್ಕು ಮರಗಳ ತೊಗಟೆ ಸಾಕು, ನಿಮಗೆ ನಾಲ್ಕು ಬೇರೆ ಬೇರೆ ಭೂಮಿ ಸಿಗುತ್ತವೆ.

ಬರವಣಿಗೆಯವರಾದರೆ ಬೀದಿ ಮಾರಾಟದ ಕೂಗುಗಳನ್ನು ಕೂಡಿಡಿ. ‘ಸೊಪ್ಪೋ... ಸೊಪ್ಪೇಯ್’, ‘ಹಳೇ ಪೇಪರ್, ಹಳೇ ಕಬ್ಣಾ’. ಎಲ್ಲಿ ಎಳೆಯುತ್ತಾರೆ, ಎಲ್ಲಿ ನುಂಗುತ್ತಾರೆ, ಹಾಗೇ ಬರೆದುಕೊಳ್ಳಿ.

ಕಿರಿಕಿರಿಯೂ ಸರಕೇ

ಊರು ಅಂದಮೇಲೆ ಗುಂಡಿ, ಕಸ, ಟ್ರಾಫಿಕ್ ಇದ್ದದ್ದೇ. ಅದನ್ನು ಬಿಟ್ಟು ಸುಂದರವಾದದ್ದನ್ನೇ ಬರೆಯಬೇಕು ಅನ್ನುವ ನಿಯಮ ಇಲ್ಲ. ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ನಿಜದ ಗಾತ್ರದ ಮೊಸಳೆ ಮಾಡಿಟ್ಟರು. 2019ರಲ್ಲಿ ಗಗನಯಾತ್ರಿ ವೇಷದ ನಟನನ್ನು ಗುಂಡಿಬಿದ್ದ ರಸ್ತೆಯಲ್ಲಿ ನಿಧಾನವಾಗಿ ನಡೆಸಿ ವಿಡಿಯೊ ಮಾಡಿದಾಗ, ಪಕ್ಕದಲ್ಲಿ ಆಟೋ ಹಾದುಹೋಗುವವರೆಗೆ ಅದು ಚಂದ್ರನ ನೆಲ ಅಂತಲೇ ಅನ್ನಿಸುತ್ತಿತ್ತು. ಎರಡರಲ್ಲೂ ಅವರು ಮೊದಲು ಮಾಡಿದ ಕೆಲಸ ಗುಂಡಿಯ ಆಕಾರವನ್ನು ಸರಿಯಾಗಿ ನೋಡಿದ್ದು. ನಿಮ್ಮ ಬೀದಿಯಲ್ಲಿ ನಿಮಗೆ ದಿನಾ ಸಿಟ್ಟು ಬರಿಸುವ ಜಾಗ ಯಾವುದು? ಅದನ್ನು ಒಮ್ಮೆ ಬರೆದು ನೋಡಿ, ಅದು ಇನ್ನೇನನ್ನು ಹೋಲುತ್ತದೆ ಅಂತ ಕೇಳಿಕೊಳ್ಳಿ.

ಒಂದು ಮಾತು ಮಾತ್ರ ಮರೆಯಬಾರದು. ವ್ಯಾಪಾರದ ಹೊತ್ತಿನಲ್ಲಿ ಗಿರಾಕಿಗೆ ಅಡ್ಡ ನಿಲ್ಲಬೇಡಿ. ಮುಖ ಕಾಣುವ ಹಾಗೆ ಫೋಟೋ ತೆಗೆಯುವ ಮುನ್ನ ಕೇಳಿ. ಬೇಡ ಅಂದರೆ ಬೇಡ. ಬರೆದ ಮೇಲೆ ಪುಟ ತಿರುಗಿಸಿ ತೋರಿಸಿ, ಅದು ಅವರಿಗೆ ಸೇರಬೇಕಾದ ಮರ್ಯಾದೆ.

ಪುಟದಿಂದ ಚಿತ್ರಕ್ಕೆ

ಪುಸ್ತಕ ಅರ್ಧ ತುಂಬಿದಾಗ ಮನೆಯಲ್ಲಿ ಕೂತು ಹಿಂದಿನಿಂದ ಮುಂದಕ್ಕೆ ತಿರುವಿ ಹಾಕಿ. ಯಾವುದು ಮತ್ತೆ ಮತ್ತೆ ಬಂದಿದೆಯೋ ಅದಕ್ಕೊಂದು ಗುರುತು ಹಾಕಿ. ಗ್ರಿಲ್ ಬರೆಯಲು ಹೋದವರು ಅದರ ನೆರಳನ್ನೇ ಹೆಚ್ಚು ಬರೆದಿರುತ್ತಾರೆ. ಹಾಗಿದ್ದರೆ ನಿಮ್ಮ ವಿಷಯ ನೆರಳು. ಕೆಂಪು ಗಾರೆ ನೆಲದ ಮೇಲೆ ಬೆಳಗಿನ ಎಂಟು ಗಂಟೆಯ ನೆರಳು, ಮಧ್ಯಾಹ್ನದ ನೆರಳು, ಸಂಜೆಯ ಬೀದಿದೀಪದ ನೆರಳು, ಮೂರನ್ನೂ ಒಂದೇ ದೊಡ್ಡ ಹಾಳೆಗೆ ತಂದರೆ ನಿಮ್ಮ ಮೊದಲ ಚಿತ್ರ ಸಿದ್ಧ. ಅದಕ್ಕೆ ಬೇಕಾದ ಬಣ್ಣ ಹೂವಿನ ಚೌಕಗಳ ಪುಟದಲ್ಲೇ ಇದೆ.

ಜನವರಿಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ಚಿತ್ರಸಂತೆಗೆ ಈ ಪುಸ್ತಕ ತೆಗೆದುಕೊಂಡು ಹೋಗಿ. ಅಂದು ಕಲಾವಿದರು ರಸ್ತೆಯಲ್ಲೇ ಕೂತಿರುತ್ತಾರೆ, ಮಾತಿಗೆ ಸಿಗುತ್ತಾರೆ. ಸ್ಥಳದಲ್ಲೇ ಮುಖ ಬರೆದುಕೊಡುವವರ ಹಿಂದೆ ಹೋಗಿ ನಿಂತು, ಅವರು ಕಣ್ಣಿನಿಂದ ಶುರು ಮಾಡುತ್ತಾರೋ ತಲೆಯ ಹೊರಗೆರೆಯಿಂದಲೋ, ಪೆನ್ಸಿಲ್ ಎಲ್ಲಿ ಒತ್ತುತ್ತಾರೆ, ಎಲ್ಲಿ ಸುಮ್ಮನೆ ಸವರಿ ಬಿಡುತ್ತಾರೆ ಅನ್ನುವುದನ್ನು ನೋಡಿಕೊಳ್ಳಿ. ಬಿಡುವಾದಾಗ ನಿಮ್ಮ ಪುಟಗಳನ್ನೂ ತೋರಿಸಿ ಅಭಿಪ್ರಾಯ ಕೇಳಿ.