ಗುರಾಣಿಯ ನೀಲಿ ಅಂಚು: ಇಟಲಿಯ ಬಾವುಟಗಳನ್ನು ಹೊಲಿದ ನನ್ನ ಅನುಭವ

ಪದವಿ ತರಗತಿಗಳಿಗೆ ಯುರೋಪಿನ ಇತಿಹಾಸವನ್ನು ಬೋಧಿಸುವ ನಾನು ಹಲವು ರಾಜ್ಯಗಳಾಗಿ ಹಂಚಿಹೋಗಿದ್ದ ಇಟಲಿಯ ಏಕೀಕರಣವನ್ನು ಬಹಳ ವರ್ಷ ಗಣರಾಜ್ಯವಾದಿ ಮ್ಯಾಝಿನಿ, ಅರಸನ ಮಂತ್ರಿ ಕವೂರ್, ದಂಡನಾಯಕ ಗ್ಯಾರಿಬಾಲ್ಡಿ ಎಂಬ ಮೂರು ಹೆಸರುಗಳ ಸುತ್ತಲೇ ಹೇಳಿಕೊಂಡು ಬಂದಿದ್ದೆ. ಒಮ್ಮೆ ಹಳೆಯ ಚಿತ್ರವೊಂದನ್ನು ತೋರಿಸುತ್ತಿದ್ದಾಗ, ಬಾವುಟದ ನಡುವೆ ಇರುವ ಆ ಗುರಾಣಿ ಈಗೇಕೆ ಇಲ್ಲ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಬಾಯಿಮಾತಿನ ಉತ್ತರ ಸಾಲದು ಎನಿಸಿ, ವಿಭಾಗದ ವಸ್ತುಪ್ರದರ್ಶನಕ್ಕೆ ಮೂರು ಕಾಲದ ಮೂರು ಬಾವುಟಗಳನ್ನು ನಾನೇ ಹೊಲಿಯಲು ನಿರ್ಧರಿಸಿದೆ. ಮನೆಯಲ್ಲಿ ಅಮ್ಮನ ಹೊಲಿಗೆ ಯಂತ್ರವಿತ್ತು. ಪಾಪ್ಲಿನ್ ಬಟ್ಟೆ ತಂದು, ಪ್ರತಿಯೊಂದಕ್ಕೂ 3 ಅಡಿ ಉದ್ದ, 2 ಅಡಿ ಎತ್ತರದ ಅಳತೆ ಇಟ್ಟುಕೊಂಡೆ.

ಮೊದಲನೆಯದು 1797ರದು. ನೆಪೋಲಿಯನ್ನನ ಸೇನೆಯ ಆಸರೆಯಲ್ಲಿ ಉತ್ತರ ಇಟಲಿಯಲ್ಲಿ ಹುಟ್ಟಿದ ಚಿಸ್ಪಡಾನ ಗಣರಾಜ್ಯದ ಪ್ರತಿನಿಧಿಗಳು ಆ ವರ್ಷದ ಜನವರಿ 7ರಂದು ಇಂದಿನ ರೆಜ್ಜೊ ಎಮಿಲಿಯ ನಗರದಲ್ಲಿ ಸಭೆ ಸೇರಿ, ಜುಸೆಪ್ಪೆ ಕೊಂಪಾನ್ಯೋನಿಯವರ ಸಲಹೆಯಂತೆ ಹಸಿರು, ಬಿಳಿ, ಕೆಂಪಿನ ಬಾವುಟವನ್ನು ಒಪ್ಪಿಕೊಂಡರು. ಆದರೆ ಅದರ ಪಟ್ಟಿಗಳು ಅಡ್ಡಡ್ಡವಾಗಿದ್ದವು. ಕೆಂಪು ಮೇಲೆ, ಹಸಿರು ಕೆಳಗೆ. ನಡುವೆ ಬತ್ತಳಿಕೆ, ಅದರಲ್ಲಿ ಬೊಲೋನ್ಯಾ, ಫೆರಾರಾ, ಮೊಡೆನಾ, ರೆಜ್ಜೊ ಎಂಬ ನಾಲ್ಕು ನಗರಗಳಿಗೆ ನಾಲ್ಕು ಬಾಣ. ಎಂಟೆಂಟು ಅಂಗುಲದ ಪಟ್ಟಿಗಳನ್ನು ಜೋಡಿಸುವುದು ಕಷ್ಟವಾಗಲಿಲ್ಲ. ಬಾಣಗಳನ್ನು ಕೈಯಲ್ಲೇ ಕಸೂತಿ ಮಾಡಿದೆ.

ಎರಡನೆಯದೇ ನನಗೆ ನಿಜವಾಗಿ ಪಾಠ ಹೇಳಿದ ಬಾವುಟ. 1848ರ ಮಾರ್ಚ್ 18ರಿಂದ 22ರವರೆಗೆ ಮಿಲಾನಿನ ಜನ ಬೀದಿಗಿಳಿದು ಹೋರಾಡಿ, ತಮ್ಮನ್ನು ಆಳುತ್ತಿದ್ದ ಆಸ್ಟ್ರಿಯದ ಸೇನೆಯನ್ನು ನಗರದಿಂದ ಹೊರಗಟ್ಟಿದರು. ಮರುದಿನ, 23ರಂದು, ಪಕ್ಕದ ಪೀಡ್‌ಮಾಂಟ್–ಸಾರ್ಡಿನಿಯ ರಾಜ್ಯದ ಅರಸ ಕಾರ್ಲೊ ಆಲ್ಬೆರ್ಟೊ ಮಿಲಾನಿನ ಜನರ ನೆರವಿಗೆ ಬರುವುದಾಗಿ ಸಾರುತ್ತ, ತನ್ನ ಪಡೆಗಳು ತ್ರಿವರ್ಣದ ಮೇಲೆ ತನ್ನ ಸವಾಯ್ ಮನೆತನದ ಗುರಾಣಿಯನ್ನು ಇರಿಸಿಕೊಂಡು ಬರುತ್ತವೆ ಎಂದು ಘೋಷಿಸಿದ. ಕ್ರಾಂತಿಯ ಬಣ್ಣಗಳಿಗೆ ಅರಸನ ಲಾಂಛನ ಸೇರಿದ್ದು ಹೀಗೆ.

ಆ ಗುರಾಣಿ ಎಂದರೆ ಕೆಂಪು ನೆಲದ ಮೇಲೆ ಬಿಳಿಯ ಶಿಲುಬೆ. ಹನ್ನೆರಡು ಅಂಗುಲ ಅಗಲದ ಮೂರು ನೇರ ಪಟ್ಟಿಗಳನ್ನು ಕೂಡಿಸಿ, ಗುರಾಣಿಯನ್ನು ಕತ್ತರಿಸಿ, ನಡುವಿನ ಬಿಳಿಯ ಮೇಲಿಟ್ಟು ಸುತ್ತಲೂ ಹೊಲಿದೆ. ಗೋಡೆಗೆ ತೂಗುಹಾಕಿ ಹತ್ತು ಹೆಜ್ಜೆ ಹಿಂದೆ ಸರಿದು ನೋಡಿದರೆ ಗುರಾಣಿಯೇ ಕಾಣಲಿಲ್ಲ: ಶಿಲುಬೆಯ ಬಿಳಿ ತೋಳುಗಳು ಪಟ್ಟಿಯ ಬಿಳಿಯಲ್ಲಿ ಕರಗಿಹೋಗಿ, ನಾಲ್ಕು ಕೆಂಪು ತುಂಡುಗಳಷ್ಟೇ ಬಿಡಿಬಿಡಿಯಾಗಿ ಉಳಿದಿದ್ದವು. ಚಿತ್ರಗಳಲ್ಲಿ ಗುರಾಣಿಯ ಸುತ್ತ ಕಾಣುವ ನೀಲಿ ಅಂಚನ್ನು ನಾನು ಬರಿಯ ಅಲಂಕಾರವೆಂದು ತಿಳಿದು ಬಿಟ್ಟುಬಿಟ್ಟಿದ್ದೆ. ಅರಸನ ಲಾಂಛನ ಜನರ ಬಾವುಟದಲ್ಲಿ ಕಳೆದುಹೋಗದಂತೆ ಕಾಯುತ್ತಿದ್ದದ್ದು ಆ ಅಂಚೇ. ನೀಲಿ ಸವಾಯ್ ಮನೆತನದ ಬಣ್ಣ. ಇಟಲಿಯ ಫುಟ್‌ಬಾಲ್ ತಂಡ 1911ರಿಂದ ತೊಡುತ್ತ ಬಂದಿರುವ ನೀಲಿ ಅಂಗಿಯೂ ಅಲ್ಲಿಂದಲೇ ಬಂದದ್ದು. ಹೊಲಿಗೆ ಬಿಚ್ಚಿ, ಬೇರೆ ಬಟ್ಟೆಯಲ್ಲಿ ಪಟ್ಟಿಗಳನ್ನು ಮತ್ತೆ ಕೂಡಿಸಿ, ಅರ್ಧ ಅಂಗುಲದ ನೀಲಿ ಪಟ್ಟಿ ಕೊಟ್ಟು ಗುರಾಣಿಯನ್ನು ಕೂರಿಸಿದೆ.

1861ರ ಮಾರ್ಚ್ 17ರಂದು ಟುರಿನ್‌ನಲ್ಲಿ ಇಟಲಿ ರಾಜ್ಯ ಘೋಷಣೆಯಾದಾಗ ಹಾರಿದ್ದು ಗುರಾಣಿ ಹೊತ್ತ ಈ ತ್ರಿವರ್ಣವೇ. ಈ ಬಾವುಟದ ಮುಂದೆ ನಿಂತು ವಿದ್ಯಾರ್ಥಿಗಳಿಗೆ ನಾನು ಎರಡು ಸಂಗತಿಗಳನ್ನು ತಪ್ಪದೆ ಹೇಳುತ್ತೇನೆ. ಮೊದಲನೆಯದು, ಹೊಸ ದೇಶದ ಮೊದಲ ಅರಸನಾದರೂ ಕಾರ್ಲೊ ಆಲ್ಬೆರ್ಟೊನ ಮಗ ವಿಟ್ಟೋರಿಯೊ ಇಮ್ಯಾನುಯೆಲೆ ತನ್ನ ಹಳೆಯ ರಾಜ್ಯವಾದ ಪೀಡ್‌ಮಾಂಟ್–ಸಾರ್ಡಿನಿಯದ ಎಣಿಕೆಯಂತೆ ‘ಎರಡನೆಯ’ವನಾಗಿಯೇ ಉಳಿದ. ಇನ್ನೊಂದು, ಗುರಾಣಿಗೆ ಹೆಸರು ಕೊಟ್ಟ ಸವಾಯ್ ಪ್ರಾಂತವನ್ನೂ ಗ್ಯಾರಿಬಾಲ್ಡಿ ಹುಟ್ಟಿದ ನೀಸ್ ನಗರವನ್ನೂ 1860ರಲ್ಲೇ ಫ್ರಾನ್ಸಿಗೆ ಬಿಟ್ಟುಕೊಡಲಾಗಿತ್ತು. ತನ್ನ ನೆಲದಲ್ಲೇ ಇಲ್ಲದ ಊರಿನ ಲಾಂಛನವನ್ನು ಇಟಲಿ ಎದೆಯ ಮೇಲೆ ಹೊತ್ತಿತ್ತು. ಗಾಂಧೀಜಿ 1909ರ ‘ಹಿಂದ್ ಸ್ವರಾಜ್’ನಲ್ಲಿ ಇಟಲಿಗಾಗಿಯೇ ಒಂದು ಅಧ್ಯಾಯ ಮೀಸಲಿಟ್ಟು, ಅರಸನಿಗೆ ಇಟಲಿ ಎಂದರೆ ತಾನು ಮತ್ತು ತನ್ನ ಬಳಗ, ಮ್ಯಾಝಿನಿಗೆ ಇಟಲಿ ಎಂದರೆ ಅಲ್ಲಿನ ರೈತಾಪಿ ಜನ ಎಂದು ಬೇರ್ಪಡಿಸಿ ತೋರಿಸಿದ್ದರ ಆಳ, ಆ ನೀಲಿ ಅಂಚಿಗೆ ಸೂಜಿ ಹಾಕುವಾಗ ನನಗೆ ಮನದಟ್ಟಾಯಿತು.

ಮೂರನೆಯದು ಗಣರಾಜ್ಯದ ಬಾವುಟ. 1946ರ ಜೂನ್ 2ರ ಜನಮತಗಣನೆಯಲ್ಲಿ ಗಣರಾಜ್ಯಕ್ಕೆ ಸುಮಾರು 1 ಕೋಟಿ 27 ಲಕ್ಷ ಮತಗಳೂ ಅರಸೊತ್ತಿಗೆಗೆ ಸುಮಾರು 1 ಕೋಟಿ 7 ಲಕ್ಷ ಮತಗಳೂ ಬಿದ್ದವು. ದಕ್ಷಿಣದ ಪ್ರಾಂತಗಳು ಬಹುಪಾಲು ಅರಸನ ಪರವಾಗಿದ್ದವು. ಅದೇ ತಿಂಗಳು ಗುರಾಣಿಯನ್ನು ತೆಗೆದುಹಾಕಲಾಯಿತು. 1948ರ ಜನವರಿ 1ರಂದು ಜಾರಿಗೆ ಬಂದ ಸಂವಿಧಾನದ 12ನೆಯ ವಿಧಿ, ಸಮಾನ ಅಳತೆಯ ಮೂರು ನೇರ ಪಟ್ಟಿಗಳ ಹಸಿರು, ಬಿಳಿ, ಕೆಂಪು ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ.

ಈ ಬಾವುಟಕ್ಕೆ ನಾನು ಹೊಸ ಬಟ್ಟೆ ಕತ್ತರಿಸಲಿಲ್ಲ. ಗುರಾಣಿ ಬಿಚ್ಚಿ ಪಕ್ಕಕ್ಕಿಟ್ಟಿದ್ದ ಮೊದಲ ಪ್ರಯತ್ನದ ಬಟ್ಟೆಯನ್ನೇ ಒಗೆದು, ಇಸ್ತ್ರಿ ಮಾಡಿ ತೂಗುಹಾಕಿದೆ. ಪ್ರಶ್ನೆ ಕೇಳಿದ್ದ ವಿದ್ಯಾರ್ಥಿನಿ ಹತ್ತಿರ ಬಂದು, ಬಿಳಿಯ ಪಟ್ಟಿಯಲ್ಲಿ ಗುರಾಣಿಯ ಆಕಾರದಲ್ಲಿ ಉಳಿದಿದ್ದ ಸೂಜಿಯ ಸಣ್ಣ ರಂಧ್ರಗಳನ್ನು ಬೆರಳಿನಿಂದ ಮುಟ್ಟಿ ನೋಡಿದಳು.